ಒಂಬತ್ತಕ್ಕೆ ನಿಲ್ಲಿಸಿದ ಮುಳ್ಳು

ನಮ್ಮಪ್ಪನಿಗೆ ಪೇಟೆಯವರು ಇಟ್ಟಿದ್ದ ಹೆಸರು ತಕ್ಕಡಿ ಸಾಹೇಬರು. ಅಂಗಡಿಗಳ ತಕ್ಕಡಿ, ಬಟ್ಟುಗಳನ್ನು ಪರೀಕ್ಷಿಸಿ ಮುದ್ರೆ ಒತ್ತುವ ಸರ್ಕಾರಿ ಕೆಲಸ ಅವರದು. ಅವರು ಬೀದಿಯ ಈ ತುದಿಯಲ್ಲಿ ಕಾಣಿಸಿಕೊಂಡರೆ ಆ ತುದಿಯ ಕಿರಾಣಿಯವನು ತಕ್ಕಡಿಯ ತಟ್ಟೆ ಒರೆಸಲು ಶುರುಮಾಡುತ್ತಿದ್ದ. ನಿವೃತ್ತರಾದ ಮೇಲೆ ಆ ಗತ್ತೆಲ್ಲ ಬಂದು ಕೂತಿದ್ದು, ದೂರದವರೊಡನೆ ಗಾಳಿಯಲ್ಲೇ ಮಾತಾಡುವ ಹ್ಯಾಮ್ ರೇಡಿಯೋ ಸೆಟ್ಟಿನ ಮುಂದೆ.

ಬೆಳಗಿನ ಚಹಾದ ಹೊತ್ತಿಗೆ ದೂರದೂರದ ಊರುಗಳ ರೇಡಿಯೋ ಹವ್ಯಾಸಿಗಳು ಗಾಳಿಯಲ್ಲಿ ಸೇರುತ್ತಿದ್ದರು. ಆ ಕೂಟಕ್ಕೆ ಅಪ್ಪನೇ ಯಜಮಾನರು. ಒಬ್ಬೊಬ್ಬರನ್ನಾಗಿ ಕರೆದು, ಅವರ ದನಿ ಎಷ್ಟು ಬಲವಾಗಿ ಬರುತ್ತಿದೆ ಎಂದು ಸೆಟ್ಟಿನ ಮೀಟರ್ ನೋಡಿ ಅಂಕ ಹೇಳುವರು. ಒಂಬತ್ತು ಬಂದರೆ ಭೇಷ್. ಈ ಜನರಲ್ಲಿ ಒಂದು ದಾಕ್ಷಿಣ್ಯ ಉಂಟು. ಸರಿಯಾಗಿ ಕೇಳಿಸದಿದ್ದರೂ ಎದುರಿನವನಿಗೆ ಒಂಬತ್ತು ಎಂದುಬಿಡುವುದು. ಅಪ್ಪನಿಗೆ ಅದು ಕಂಡರೆ ಆಗದು. ಅದನ್ನು ಅಕ್ಕಿಗೆ ಕಲ್ಲು ಬೆರೆಸಿ ಮಾರುವುದಕ್ಕೆ ಹೋಲಿಸುತ್ತಿದ್ದರು. ಎರಡು ಬಂದರೆ ಎರಡು, ಮುಖ ಮುರಿದರೂ ಸರಿ. ಹಾಗಾಗಿ ಅಪ್ಪ ಕೊಟ್ಟ ಅಂಕವೆಂದರೆ ಎಲ್ಲರಿಗೂ ವೇದವಾಕ್ಯ.

ಒಂದು ದಿನ ಅವರಿಗೆ ತಮ್ಮ ಮೀಟರಿನ ಮೇಲೇ ಅನುಮಾನ ಬಂತು. ಮನೆಯಲ್ಲಿ ಹಳೆಯದೊಂದು ಸಿಗ್ನಲ್ ಜನರೇಟರ್ ಇತ್ತು. ಅಳೆದು ತೂಗಿದಷ್ಟೇ ಸಿಗ್ನಲ್ ಕೊಡುವ ಪೆಟ್ಟಿಗೆ ಅದು. ಅದರಿಂದ ಗೊತ್ತುಪಡಿಸಿದ ಪ್ರಮಾಣ ಕೊಟ್ಟಾಗ ಮೀಟರಿನ ಮುಳ್ಳು ಸರಿಯಾಗಿ ಒಂಬತ್ತಕ್ಕೆ ನಿಲ್ಲಬೇಕು. ಮುಳ್ಳು ಒಂಬತ್ತನ್ನು ದಾಟಿ ಕೊನೆಗೆ ಹೋಗಿ ಬಡಿಯಿತು. ಇಷ್ಟು ವರ್ಷ ಎಲ್ಲರಿಗೂ ಧಾರಾಳವಾಗಿ ಅಂಕ ಹಂಚಿದೆನಲ್ಲ ಎಂದು ಅಪ್ಪ ಹಣೆ ಚಚ್ಚಿಕೊಂಡು, ಬಂದ ಸಿಗ್ನಲ್ಲನ್ನು ಹಿಗ್ಗಿಸಿ ಕುಗ್ಗಿಸುವ, ಸೆಟ್ಟಿನೊಳಗಿನ ಗೇನ್ ಸ್ಕ್ರೂ ತಿರುಗಿಸಿ ತಿರುಗಿಸಿ ಮುಳ್ಳನ್ನು ಒಂಬತ್ತಕ್ಕೆ ಇಳಿಸಿದರು.

ಅಂದಿನಿಂದ ಎಲ್ಲರ ಅಂಕವೂ ಇಳಿಯಿತು. ಗಟ್ಟಿ ಸೆಟ್ಟಿನವರು ಹೇಗೋ ತಡೆದುಕೊಂಡರು. ಪೆಟ್ಟು ಬಿದ್ದದ್ದು ನನ್ನ ಸೋದರಮಾವನಿಗೆ. ಅಮ್ಮನ ಅಣ್ಣ ಅವರು. ಸೊಂಟ ಮುರಿದು ಮಂಚ ಹಿಡಿದಿದ್ದರು. ತಾವೇ ಜೋಡಿಸಿದ ಪುಟ್ಟ ಸೆಟ್ಟನ್ನು ತಲೆದೆಸೆಯಲ್ಲಿ ಇಟ್ಟುಕೊಂಡಿದ್ದರು. ಬೆಳಗಿನ ಆ ಕೂಟ ಬಿಟ್ಟರೆ ಅವರಿಗೆ ಹೊರಗಿನ ಲೋಕವೇ ಇರಲಿಲ್ಲ. ಅವರ ದನಿ ಅಪ್ಪನಿಗೆ ಈಗ ಕೇಳಿಸಿದರೆ ಕೇಳಿಸಿತು, ಇಲ್ಲದಿದ್ದರೆ ಇಲ್ಲ.

ಅಪ್ಪ ಆಂಟೆನಾ ಎತ್ತರಿಸಿ ಎಂದರು. ಮಾವ ಆಳು ಕರೆಸಿ ಎತ್ತರಿಸಿದರು. ಕೇಬಲ್ ಬದಲಿಸಿ ಎಂದರು. ಅದನ್ನೂ ಬದಲಿಸಿದರು. ಕೂಟದ ಕೆಲವರು ನಮಗೆ ಚೆನ್ನಾಗಿಯೇ ಕೇಳುತ್ತಿದೆಯಲ್ಲ ಎಂದರೆ, ಕಾಯಿಲೆಯವರಿಗೆ ಸುಳ್ಳು ಸಮಾಧಾನ ಹೇಳಬೇಡಿ ಎಂದು ಅಪ್ಪ ಅವರ ಬಾಯಿ ಮುಚ್ಚಿಸಿದರು. ಕೊನೆಗೊಂದು ಬೆಳಿಗ್ಗೆ ಎಲ್ಲರೂ ಕೇಳುತ್ತಿರುವಾಗಲೇ ಹೇಳಿಬಿಟ್ಟರು.

"ಭಾವ, ಸುಮ್ನೆ ಯಾಕೆ ಒದ್ದಾಡ್ತೀರಿ? ನಿಮ್ಮ ಸೆಟ್ಟಿಗೂ ನಿಮ್ಮಷ್ಟೇ ವಯಸ್ಸಾಯ್ತು. ಬೇರೆಯವರ ಹೊತ್ತು ಹಾಳಾಗ್ತಿದೆ."

ಯಾರೋ ಕಿಸಕ್ಕನೆ ನಕ್ಕರು. ಮರುದಿನದಿಂದ ಮಾವ ಬರಲಿಲ್ಲ. ಅಮ್ಮ ಅಪ್ಪನ ಮುಂದೆ ಚಹಾದ ಲೋಟ ಕುಕ್ಕಿ ಇಟ್ಟಳು. ನನಗೋ ಮೈಯೆಲ್ಲ ಉರಿದುಹೋಗಿತ್ತು. ಆದರೂ ಅಪ್ಪ ಅಳತೆ ತಪ್ಪುವವರಲ್ಲ ಎಂದು ನಾನೂ ನಂಬಿದ್ದೆ.

ಕೆಲವು ತಿಂಗಳಾದ ಮೇಲೆ ಪಕ್ಕದ ಬೀದಿಯ ನರ್ಸಮ್ಮ ತಮ್ಮ ಸೆಟ್ಟನ್ನು ಪರೀಕ್ಷೆಗೆ ತಂದರು. ಅವರೂ ಆ ಕೂಟದವರೇ. ಜನರೇಟರಿಗೆ ಜೋಡಿಸಿದ ಕೂಡಲೇ ಅವರ ಮುಳ್ಳೂ ಕೊನೆಗೆ ಹೋಗಿ ಬಡಿಯಿತು. ನಿಮ್ಮದೂ ನನ್ನದರ ಹಾಗೇ ಬಡಾಯಿ ಸೆಟ್ಟು ಎನ್ನುತ್ತಾ ಅಪ್ಪ ಸ್ಕ್ರೂಡ್ರೈವರ್ ಎತ್ತಿಕೊಂಡರು. ನರ್ಸಮ್ಮ ತಡೆದರು. ವಾರ್ಡಿನಲ್ಲಿ ಇದ್ದವರಿಗೆಲ್ಲ ಒಂದೇ ಸಲ ಜ್ವರ ಏರಿದರೆ ತಾವು ಮೊದಲು ಥರ್ಮಾಮೀಟರ್ ನೋಡುತ್ತಿದ್ದುದಾಗಿ ಹೇಳಿ ನಕ್ಕರು.

ಅಪ್ಪ ನಗಲಿಲ್ಲ. ಜನರೇಟರನ್ನು ಬೆಳಕಿಗೆ ತಿರುಗಿಸಿದರು. ಸಿಗ್ನಲ್ ತಗ್ಗಿಸುವ ಗುಂಡಿಯೊಂದು ಅದರಲ್ಲಿತ್ತು. ನೋಡಲು ಒತ್ತಿದಂತೆಯೇ ಇತ್ತು, ಒಳಗೆ ಮಾತ್ರ ಕಚ್ಚಿರಲಿಲ್ಲ. ಬರಬೇಕಾದದ್ದಕ್ಕಿಂತ ಹತ್ತು ಪಟ್ಟು ಸಿಗ್ನಲ್ ಹೊರಗೆ ಬರುತ್ತಿತ್ತು. ಅಪ್ಪ ನರ್ಸಮ್ಮನ ಮುಖ ನೋಡದೆ, ನಿಮ್ಮ ಸೆಟ್ಟು ಸರಿಯಾಗಿದೆ ಎಂದಷ್ಟೇ ಹೇಳಿ ಕಳಿಸಿಬಿಟ್ಟರು.

ಅವರು ಹೋದದ್ದೇ ತಡ, ಅಪ್ಪ ತಮ್ಮ ಸೆಟ್ಟು ಬಿಚ್ಚಿ, ಗುಂಡಿ ಸರಿಮಾಡಿ, ಸ್ಕ್ರೂವನ್ನು ಹಿಂದಕ್ಕೆ ತಿರುಗಿಸಿದರು. ಮೌನವಾಗಿದ್ದ ಸ್ಪೀಕರಿನಿಂದ ದೂರದೂರದ ದನಿಗಳ ಸಂತೆಯೇ ಎದ್ದು ಬಂದ ಹಾಗಾಯಿತು. ಇವರೆಲ್ಲ ಇಷ್ಟು ದಿನ ಮಾತಾಡುತ್ತಲೇ ಇದ್ದರು, ನಮ್ಮ ಮನೆಯ ಸೆಟ್ಟು ಕಿವುಡಾಗಿತ್ತು. ಅಪ್ಪನ ಮುಖ ಕಿವಿಯವರೆಗೂ ಕೆಂಪೇರಿತ್ತು. ನಾನು ಬಾಗಿಲಲ್ಲಿ ನಿಂತಿರುವುದು ಕಂಡು ಬೆನ್ನು ತಿರುಗಿಸಿದರು.

ಈಗಲಾದರೂ ಒಪ್ಪಿಕೊಳ್ಳುತ್ತಾರೆ ಅಂದುಕೊಂಡಿದ್ದೆ. ಎಲ್ಲಿ ಬಂತು! ಮರುದಿನ ಬೆಳಿಗ್ಗೆ ಮೈಕ್ ಹಿಡಿದು, ಇವತ್ತು ಆಕಾಶ ತಿಳಿಯಾಗಿದೆ, ಎಲ್ಲರೂ ಜೋರಾಗಿ ಬರುತ್ತಿದ್ದೀರಿ ಎಂದರು. ಆ ಕಡೆ ನರ್ಸಮ್ಮನೂ ಕೇಳುತ್ತಿದ್ದರು. ಹೆತ್ತ ಅಪ್ಪನ ಬಗ್ಗೆ ಹೀಗೆ ಹೇಳಬಾರದು, ಆದರೆ ನಾಚಿಕೆಯಿಂದ ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅಡುಗೆಮನೆಗೆ ಹೋಗಿ ಎಲ್ಲವನ್ನೂ ಅಮ್ಮನಿಗೆ ಹೇಳಿಬಿಟ್ಟೆ.

ಅಮ್ಮ ಒದ್ದೆ ಕೈಯಲ್ಲೇ ಹೊರಗೆ ಬಂದಳು. ತಮ್ಮ ಎಲೆಯಲ್ಲಿ ಹೆಗ್ಗಣ ಸತ್ತು ಬಿದ್ದಿದ್ದರೂ ಪಕ್ಕದೆಲೆಯ ನೊಣ ಎಣಿಸುವವರು ಎಂದು ಬೈಯುತ್ತಾಳೆ ಅಂದುಕೊಂಡೆ. ಬೈಯಲಿಲ್ಲ.

"ತಪ್ಪು ತಕ್ಕಡಿ ಇಟ್ಕೊಂಡೋರನ್ನ ಏನ್ ಮಾಡ್ತಿದ್ರಿ ನೀವು?" ಎಂದು ಕೇಳಿದಳು.

ಅಪ್ಪ ಮತ್ತೆ ಮೈಕ್ ಎತ್ತಿಕೊಂಡು, ಆಕಾಶದ್ದೇನೂ ಇಲ್ಲ, ನನ್ನ ಸೆಟ್ಟೇ ಕೆಟ್ಟಿತ್ತು, ಇಷ್ಟು ದಿನ ಕೊಟ್ಟ ಅಂಕಗಳೆಲ್ಲ ತಪ್ಪು ಎಂದರು. ಯಾರೂ ನಗಲಿಲ್ಲ. ಆದರೆ ಕೇಳಬೇಕಾದವರು ಅಲ್ಲಿರಲಿಲ್ಲ. ಫೋನು ಮಾಡಿ ಹೇಳಿದರೆ ಸಾಕೆಂದು ಅಪ್ಪನಿಗೂ ಅನ್ನಿಸಲಿಲ್ಲ. ಮೂವರೂ ಬಸ್ಸು ಹತ್ತಿದೆವು.

ಮಾವನ ತಲೆದೆಸೆಯಲ್ಲಿ ಈಗ ಔಷಧಿ ಬಾಟಲಿಗಳಿದ್ದವು. ಸೆಟ್ಟು ಎಲ್ಲಿ ಎಂದು ಅಪ್ಪ ಕೇಳಿದರು. ಬಿಚ್ಚಿ, ಬೇಕಾದವರಿಗೆ ಬೇಕಾದ ಭಾಗ ಹಂಚಿಬಿಟ್ಟೆ ಎಂದರು ಮಾವ, ಹಳೆಯ ಬಟ್ಟೆ ಕೊಟ್ಟುಬಿಟ್ಟವರಂತೆ. ಅಪ್ಪ ಗುಂಡಿಯ ವಿಷಯ, ಸ್ಕ್ರೂವಿನ ವಿಷಯ ಎಲ್ಲ ತಡವರಿಸುತ್ತಾ ಹೇಳಿ, ಕ್ಷಮಿಸಿ ಭಾವ, ನಿಮ್ಮ ಸೆಟ್ಟಿಗೆ ಏನೂ ಆಗಿರಲಿಲ್ಲ ಎಂದರು. ತಮ್ಮ ಸೆಟ್ಟನ್ನೇ ತಂದು ಕೊಡುತ್ತೇನೆಂದರು. ಮಾವ ಬೇಡವೆಂದು ಕೈಯಾಡಿಸಿದರು. ಅವರಿಗೆ ಕೋಪವಿರಲಿಲ್ಲ, ಅದೇ ನನ್ನಿಂದ ತಡೆಯಲಾಗದೆ ಹೋಯಿತು.

"ಚೆನ್ನಾಗಿ ಕೇಳಿಸ್ತಿದೆ ಅಂತ ಎಷ್ಟೋ ಜನ ಹೇಳಿದ್ರು," ಎಂದರು ಮಾವ. "ಪಾಪ ಅಂತ ಹೇಳ್ತಿದ್ದಾರೆ ಅಂದ್ಕೊಂಡೆ. ನೀವೊಬ್ರೇ ದಾಕ್ಷಿಣ್ಯಕ್ಕೆ ಸುಳ್ಳು ಹೇಳೋರಲ್ಲ ಅಂತ, ನಿಮ್ಮ ಮಾತನ್ನೇ ನಂಬಿದೆ."

ಕುರ್ಚಿ ಇದ್ದರೂ ಅಪ್ಪ ನೆಲದ ಮೇಲೆ, ಮಂಚದ ಕಾಲಿನ ಹತ್ತಿರ ಕೂತುಬಿಟ್ಟರು.