ದೊಡ್ಡಕ್ಕ ನಿಧಾನ ಕಲಿತದ್ದು

ಬೆಳಿಗ್ಗೆ ಒಣಗಿಸುವ ಯಂತ್ರದಿಂದ ಹೊರಬಂದ ಮೊದಲ ಹೊದಿಕೆಯನ್ನು ದೊಡ್ಡಕ್ಕ ಮಡಿಸುವುದಿಲ್ಲ. ಕೆನ್ನೆಗೆ ಒತ್ತಿಕೊಂಡು ಮೂಸಿ ನೋಡುತ್ತಾರೆ. ಸೋಪಿನ ವಾಸನೆ ಉಳಿದಿದ್ದರೆ ಇಡೀ ರಾಶಿ ಮತ್ತೆ ನೀರಿಗೆ. ಮಲಗಿದಲ್ಲೇ ಇರುವ ರೋಗಿಗಳ ಚರ್ಮ ಸೋಪನ್ನು ತಡೆಯುವುದಿಲ್ಲ. ಆಸ್ಪತ್ರೆಯ ನೆಲಮಾಳಿಗೆಯಲ್ಲಿ ಬಟ್ಟೆ ಒಗೆಯುತ್ತ ಇಪ್ಪತ್ತಾರು ವರ್ಷ ಕಳೆದ ಅವರು ಈ ಕೆಲಸವನ್ನು ಒಂದು ದಿನವೂ ತಪ್ಪಿಸಿದ್ದಿಲ್ಲ.

ಇಂಥ ದೊಡ್ಡಕ್ಕ ಐವತ್ತನಾಲ್ಕನೆಯ ವಯಸ್ಸಿನಲ್ಲಿ ಹಿಮದ ಶಿಖರ ಹತ್ತಲು ಹೆಸರು ಕೊಟ್ಟಾಗ ಆಸ್ಪತ್ರೆಯೆಲ್ಲ ನಕ್ಕಿತು. ಮಕ್ಕಳ ವಾರ್ಡಿಗೆ ಉಸಿರಾಟದ ಯಂತ್ರಗಳು ಬೇಕಿದ್ದವು. ಸಿಬ್ಬಂದಿಯಲ್ಲಿ ಎಷ್ಟು ಜನ ಶಿಖರ ಮುಟ್ಟಿದರೆ ಅಷ್ಟು ಯಂತ್ರ ಕೊಡುವುದಾಗಿ ದಾನಿಗಳು ಒಪ್ಪಿದ್ದರು.

"ಅಲ್ಲಿ ಒಗೆಯೋಕೆ ಏನೂ ಇಲ್ಲ ದೊಡ್ಡಕ್ಕ, ಎಲ್ಲಾ ಬೆಳ್ಳಗೇ ಇದೆ," ಎಂದ ಕಾವಲುಗಾರ.

"ಹಂಗಾದ್ರೆ ಮಡಿಚಿಟ್ಟು ಬರ್ತೀನಿ ಬಿಡಪ್ಪ."

ಮೂರು ವರ್ಷದ ಹಿಂದೆ ಅವರ ತಮ್ಮ ಇದೇ ಆಸ್ಪತ್ರೆಯಲ್ಲಿ ಎಂಬತ್ತು ದಿನ ಅಂಥದೇ ಯಂತ್ರದ ಆಸರೆಯಲ್ಲಿ ಉಸಿರಾಡಿ ಬದುಕಿ ಬಂದಿದ್ದ. ದೇವರಿಗೆ, ಡಾಕ್ಟರಿಗೆ, ನರ್ಸುಗಳಿಗೆ ಎಷ್ಟು ಸಲ ಕೈಮುಗಿದರೂ ದೊಡ್ಡಕ್ಕನಿಗೆ ಸಾಲದು ಅನ್ನಿಸುತ್ತಿತ್ತು. ಜೊತೆಗೆ, ಕಿಟಕಿಯಿಲ್ಲದ ಕೋಣೆಯಲ್ಲೇ ಆಯುಷ್ಯ ಸವೆಸಿದ ತನ್ನಿಂದ ಇನ್ನೇನಾದರೂ ಆದೀತೇ ಎಂದು ಒಮ್ಮೆ ನೋಡಿಕೊಳ್ಳುವ ಆಸೆಯೂ ಇತ್ತು.

ತರಬೇತಿ ಕೊಡುತ್ತಿದ್ದ ಫಿಸಿಯೋ ಮೇಡಂ ಹೆಸರು ಕೊಟ್ಟವರನ್ನೆಲ್ಲ ಊರಾಚೆಯ ಗುಡ್ಡಕ್ಕೆ ಕರೆದೊಯ್ದರು. ಬಿಸಿ ಆರುವ ಮುನ್ನ ಮಡಿಸದಿದ್ದರೆ ಬಟ್ಟೆ ಸುಕ್ಕುಗಟ್ಟುತ್ತದೆ. ಆ ಅವಸರ ದೊಡ್ಡಕ್ಕನ ಕೈಯಿಂದ ಕಾಲಿಗೂ ಇಳಿದಿತ್ತು. ಡಾಕ್ಟರುಗಳನ್ನೆಲ್ಲ ಹಿಂದೆ ಹಾಕಿ ದಡದಡ ಹತ್ತಿದರು. ಅರ್ಧ ದಾರಿಯಲ್ಲಿ ಕಣ್ಣು ಕತ್ತಲಿಟ್ಟು ಬಂಡೆಗೆ ಒರಗಿ ಕೂತರು.

"ಮೇಲೆ ಗಾಳೀನೇ ಕಮ್ಮಿ. ಅಲ್ಲಿ ಹಿಂಗೆ ಓಡಿದ್ರೆ ಜೀವಕ್ಕೇ ಕುತ್ತು," ಎಂದರು ಮೇಡಂ. "ಇನ್ನೆರಡು ತಿಂಗಳಿಗೆ ಪರೀಕ್ಷೆ. ಚೀಲ ಹೊತ್ಕೊಂಡು ಮಾತಾಡ್ತಾ ಹತ್ತಬೇಕು. ಏದುಸಿರು ಬಂತೋ, ಹೆಸರು ತೆಗೀತೀನಿ. ಬೇಜಾರು ಮಾಡ್ಕೋಬೇಡಿ."

ಮನೆಗೆ ಬಂದು ಹೇಳಿದರೆ ತಮ್ಮ ಕಿಸಕ್ಕನೆ ನಕ್ಕ.

"ನನ್ ಹೊಟ್ಟೆ ಉರೀತಿದೆ, ನಿಂಗೆ ನಗು!"

"ಅಲ್ಲ ಅಕ್ಕಾ, ಮಂಚದಿಂದ ಬಾಗಿಲ ತನಕ ಹೋಗೋಕೆ ನಂಗೆ ಹನ್ನೊಂದು ದಿನ ಬೇಕಾಯ್ತು. ನಿಧಾನದಲ್ಲಿ ನನ್ನ ಮೀರಿಸೋರು ಯಾರಿದ್ದಾರೆ? ನಾಳೆಯಿಂದ ನನ್ನ ಹಿಂದೆ ನಡಿ. ನನ್ನ ದಾಟಿದ್ಯೋ, ವಾಪಸ್ ಕೆಳಗಿಂದ ಶುರು."

ಅವರ ಮನೆಯಿದ್ದ ಕಟ್ಟಡಕ್ಕೆ ಆರು ಮಹಡಿ. ತಮ್ಮ ಒಂದು ಉಸಿರಿಗೆ ಎರಡು ಮೆಟ್ಟಿಲು ಹತ್ತಿ ನಿಲ್ಲುವನು. ಭಾರಕ್ಕೆಂದು ಬೆನ್ನಿಗೆ ಒದ್ದೆ ಬಟ್ಟೆಯ ಚೀಲ ಹೊತ್ತ ಅಕ್ಕನೂ ನಿಲ್ಲಬೇಕು. ಮೊದಲ ಸಂಜೆ ನಾಲ್ಕು ಸಲ ದಾಟಿ, ನಾಲ್ಕು ಸಲವೂ ಬೈಸಿಕೊಂಡು ಕೆಳಗಿಳಿದರು.

"ಇವರಿಬ್ರೂ ಮೇಲೆ ಮುಟ್ಟೋದ್ರೊಳಗೆ ನನ್ ಮಗಳು ಕಾಲೇಜು ಮುಗಿಸ್ತಾಳೆ," ಎಂದರು ಎರಡನೆಯ ಮಹಡಿಯ ದರ್ಜಿ.

ಆರನೆಯ ವಾರದಲ್ಲಿ ಒಂದು ಸಂಜೆ, ಚಿಕ್ಕಂದಿನಲ್ಲಿ ಅಮ್ಮನಿಂದ ತಿಂದ ಏಟುಗಳ ಸುದ್ದಿ ಆಡುತ್ತಾ ಹತ್ತುತ್ತಿದ್ದರು. ಮಾತು ನಿಂತಾಗ ಮುಂದೆ ಮೆಟ್ಟಿಲೇ ಇರಲಿಲ್ಲ, ತಾರಸಿ ಬಂದಿತ್ತು. ಕಾಯಿಲೆ ಬಿದ್ದ ಮೇಲೆ ತಮ್ಮ ಮೂರನೆಯ ಮಹಡಿ ದಾಟಿದವನಲ್ಲ. ಅವನು ನೀರಿನ ತೊಟ್ಟಿಗೆ ಕೈಯಾನಿಸಿ ಸುತ್ತ ನೋಡುತ್ತಿದ್ದ. ದೊಡ್ಡಕ್ಕ ಚೀಲ ಇಳಿಸುವುದನ್ನೂ ಮರೆತು ಆಕಾಶಕ್ಕೆ ಕೈಮುಗಿದರು.

"ನಂಗೂ ಒಂದು ಮುಗಿಯೇ, ಗುರು ಅಲ್ವಾ ನಾನು!"

"ಮುಗಿದೆ ಕಣೋ," ಎಂದು ನಿಜಕ್ಕೂ ಮುಗಿದರು. ತಮ್ಮನಿಗೆ ನಾಚಿಕೆಯಾಯಿತು.

ಪರೀಕ್ಷೆಯ ದಿನ ಗುಡ್ಡದ ಬುಡದಲ್ಲಿ ಎಲ್ಲರೂ ಚೀಲ ತೂಗಿಸುತ್ತಿದ್ದರು. ತಮ್ಮನನ್ನು ಉಳಿಸಿದ್ದ ದೊಡ್ಡ ಡಾಕ್ಟರು ಹತ್ತಿರ ಬಂದು ದನಿ ತಗ್ಗಿಸಿದರು.

"ದೊಡ್ಡಕ್ಕ, ಇಷ್ಟು ವರ್ಷ ದುಡಿದಿದ್ದೀರಿ. ನಿಮಗ್ಯಾಕೆ ಪರೀಕ್ಷೆ? ಹೆಸರು ಹಾಗೇ ಇರಲಿ ಅಂತ ಮೇಡಂಗೆ ನಾನು ಹೇಳ್ತೀನಿ."

ಹೂಂ ಅಂದರೆ ಶಿಖರಕ್ಕೆ ಹೋಗುವುದು ಖಂಡಿತ. ದೊಡ್ಡಕ್ಕ ಡಾಕ್ಟರಿಗೆ ಕೈಮುಗಿದರು.

"ನಿಮ್ಮ ಉಪಕಾರ ಸಾಯೋ ತನಕ ಮರೆಯಲ್ಲ ಡಾಕ್ಟ್ರೇ. ಆದ್ರೆ ಇದು ಬೇಡ. ಮೇಲೆ ನಾನು ಕುಸಿದ್ರೆ ಹೊತ್ಕೊಂಡು ಇಳಿಯೋಕೆ ನಾಲ್ಕು ಜನ ವಾಪಸ್ ಬರಬೇಕು. ಮಕ್ಕಳಿಗೆ ನಾಲ್ಕು ಯಂತ್ರ ಹೋದಂಗೆ. ನಾನು ತಡೀತೀನೋ ಇಲ್ವೋ ಇಲ್ಲೇ ಗೊತ್ತಾಗ್ಲಿ," ಎಂದು ಚೀಲವನ್ನು ತಕ್ಕಡಿಯ ಮೇಲಿಟ್ಟರು.