ತೂಕದ ಕಲ್ಲಿಗೆ ಆಣಿಯಾದದ್ದು

ನಮ್ಮ ಭಾವನಿಗೆ ಆಸ್ಪತ್ರೆಯವರೆಲ್ಲ ಸೇರಿ ಇಟ್ಟ ಹೆಸರು ‘ತೂಕದ ಕಲ್ಲು’. ಕೆಲಸ ಅಟೆಂಡರನದು, ಗತ್ತು ಮಾತ್ರ ದೊಡ್ಡ ಡಾಕ್ಟರದು. ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶಜ್ಞಾನ ಕಳೆದುಕೊಂಡವರಿಗೆ ಶೂ ಮಾಡಿಕೊಡುವ ವಿಭಾಗ ನಮ್ಮದು, ಹೊಲಿಯುವವನು ನಾನು. ಪಾದದ ಯಾವ ಜಾಗಕ್ಕೆ ಎಷ್ಟು ಒತ್ತಡ ಬೀಳುತ್ತದೆಂದು ತಿಳಿಯದೆ ನಾನು ಕತ್ತರಿ ಹಾಕುವಂತಿಲ್ಲ. ಅದಕ್ಕೇ ಶೂ ಒಳಗೆ ಸೆನ್ಸರ್ ತುಂಬಿದ ತೆಳು ಹಾಳೆ ಇಟ್ಟು ರೋಗಿಯನ್ನು ನಡೆಸುತ್ತಾರೆ. ಆದರೆ ಆ ಹಾಳೆ ನಿಜ ಹೇಳುತ್ತಿದೆಯೆಂದು ನಂಬುವುದು ಹೇಗೆ? ಅಲ್ಲಿಗೆ ಭಾವನ ಪ್ರವೇಶ.

ಪ್ರತಿ ಸೋಮವಾರ ಬೆಳಿಗ್ಗೆ ಅವರು ಆ ಹಾಳೆ ಇಟ್ಟ ಶೂ ಹಾಕಿಕೊಂಡು ಕಾರಿಡಾರಿನ ಈ ತುದಿಯಿಂದ ಆ ತುದಿಗೆ ಹತ್ತು ಸಲ ನಡೆಯಬೇಕು. ಅಂಕಿ ಹೋದ ವಾರದಂತೆಯೇ ಬಂದರೆ ಮಷೀನು ಸರಿ. ಆರು ವರ್ಷದಲ್ಲಿ ಅವರ ತೂಕವೂ ಬದಲಾಗಿರಲಿಲ್ಲ, ನಡಿಗೆಯೂ. “ಮಷೀನು ಪಾಸೋ ಫೇಲೋ ನನ್ನ ಪಾದ ಹೇಳತ್ತೆ ಕಣೋ” ಎಂದು ಊಟದ ಬಿಡುವಿನಲ್ಲಿ ನನ್ನ ತಲೆ ತಿನ್ನುತ್ತಿದ್ದರು. ಬಿಗಿಯಾದ ಶೂ ಹಾಕಬೇಡಿ ಎಂದು ರೋಗಿಗಳಿಗೆ ಉಪದೇಶ ಬೇರೆ.

ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ. ಈ ಮಹಾನುಭಾವರೇ ತಂಗಿಯ ಮಗಳ ಮದುವೆಗೆಂದು ಚೂಪು ಮೂತಿಯ ಶೂ ಕೊಂಡರು. ಒಂದು ಸೈಜು ಚಿಕ್ಕದು. ಹೊಳಪಿಗೆ ಮರುಳಾಗಿ ಮದುವೆ ಮುಗಿದ ಮೇಲೂ ದಿನಾ ಅದನ್ನೇ ಹಾಕುತ್ತಿದ್ದರು.

ಎರಡು ತಿಂಗಳೊಳಗೆ ಸೋಮವಾರದ ಅಂಕಿ ಕೆಟ್ಟಿತು. ಎಡಪಾದದ ಮುಂಭಾಗದಲ್ಲಿ ಒತ್ತಡವೇ ಇಲ್ಲ, ಹಿಮ್ಮಡಿಯಲ್ಲಿ ವಿಪರೀತ. ಇಂಜಿನಿಯರ್ ಮೇಡಂ ಹಾಳೆ ಬದಲಿಸಿದರು, ವೈರು ಬದಲಿಸಿದರು. ಮೇಜಿನ ಮೇಲೆ ಹಾಳೆ ಹಾಸಿ ಕಬ್ಬಿಣದ ತೂಕ ಇಟ್ಟರೆ ಅಂಕಿ ಸರಿ, ಭಾವ ನಡೆದರೆ ತಪ್ಪು.

“ನಿಂತಲ್ಲಿ ಸರಿ ಇದ್ದು ನಡೆಯುವಾಗ ಕೈಕೊಟ್ರೆ ಇದನ್ನ ಇಟ್ಕೊಂಡು ಏನ್ಮಾಡೋದು? ಕಂಪನಿಗೆ ವಾಪಸ್ ಕಳಿಸೋಣ” ಎಂದರು ಮೇಡಂ. ಭಾವನ ಕಾಲನ್ನು ಅನುಮಾನಿಸುವುದು ಅವರಿಗೆ ಹೊಳೆಯಲೇ ಇಲ್ಲ. ಹೊಸದು ಬರಲು ಎರಡು ತಿಂಗಳು ಬೇಕಿತ್ತು.

ಗುರುವಾರ ಅಳತೆಗೆ ಬರಬೇಕಿದ್ದವಳು ನನ್ನ ಅಕ್ಕ, ಅಂದರೆ ಭಾವನ ಹೆಂಡತಿ. ಹಿಂದೊಮ್ಮೆ ಸವೆದ ಶೂವಿನಿಂದಾದ ಹುಣ್ಣಿಗೆ ಅವಳ ಒಂದು ಬೆರಳೇ ಹೋಗಿತ್ತು. ಈಗಿನ ಶೂ ಕೂಡ ಸವೆದಿತ್ತು.

ಪರದೆಯ ಮೇಲಿನ ಚಿತ್ರವನ್ನು ಮತ್ತೆ ನೋಡಿದೆ. ನೋವು ತಿಳಿಯದೆ ಹುಣ್ಣಿನ ಮೇಲೂ ಊರುವ ಪಾದಗಳನ್ನು ದಿನವೂ ಕಾಣುವವನು ನಾನು; ಇದು ನೋವಿಗೆ ಹೆದರಿ ನೆಲಕ್ಕೆ ಊರದ ಪಾದ. ಭಾವನನ್ನು ಹೊಲಿಗೆ ಕೋಣೆಗೆ ಎಳೆದುಕೊಂಡು ಹೋದೆ.

“ಸಾಕ್ಸ್ ತೆಗೀರಿ ಭಾವ.”

“ತಲೆಗಿಲೆ ಕೆಟ್ಟಿದೆಯೇನೋ?”

“ಕಾಲಲ್ಲಿ ಆಣಿ ಆಗಿದೆ ಅಲ್ವಾ?”

ಅವರ ಮುಖ ಹುಳ್ಳಗಾಯಿತು. “ಬ್ಲೇಡಲ್ಲಿ ಕೆರೀತಿದೀನಿ, ಹೋಗತ್ತೆ. ಮೇಡಂಗೆ ಹೇಳ್ಬೇಡ ಕಣೋ. ನಾಳೆಯಿಂದ ಬೇರೆ ಯಾರನ್ನೋ ನಡೆಸ್ತಾರೆ. ಆಮೇಲೆ ನಾನು ಬರೀ ಅಟೆಂಡರ್ರು.”

“ಅಕ್ಕನ ಕಾಲು?”

ಅವರು ಸಾಕ್ಸನ್ನು ಇನ್ನೂ ಮೇಲಕ್ಕೆ ಎಳೆದುಕೊಂಡರು. ನನಗೆ ಮೈಯೆಲ್ಲ ಉರಿಯಿತು. ಗುರುವಾರ ಅಕ್ಕ ಮನೆಗೆ ಹೋಗುವುದರೊಳಗೆ ನೀವು ಹೇಳದಿದ್ದರೆ ನಾನೇ ಹೇಳುತ್ತೇನೆ ಎಂದು ಎದ್ದುಬಂದೆ.

ಗುರುವಾರ ಭಾವ ಮಷೀನಿನ ಡಬ್ಬಕ್ಕೆ ಟೇಪು ಸುತ್ತುತ್ತಿದ್ದರು. ಎದುರಿನ ಬೆಂಚಿನಲ್ಲಿ ಅಕ್ಕ. ಎರಡು ತಿಂಗಳು ಬಿಟ್ಟು ಬನ್ನಿ ಎಂದು ಮೇಡಂ ಹೇಳಿದಾಗ ಅವಳು ಶೂ ಕಳಚಿ ತೋರಿಸಿದಳು. ಹೆಬ್ಬೆರಳ ಬುಡ ಕೆಂಪಗಾಗಿತ್ತು.

“ನೋವೇನೂ ಇಲ್ಲ ಮೇಡಂ, ಕಾಯ್ತೀನಿ ಬಿಡಿ” ಎಂದು ನಕ್ಕಳು.

ನಾನು ಬಾಯಿ ತೆರೆಯುವಷ್ಟರಲ್ಲಿ ಭಾವ ಟೇಪು ಬಿಸಾಕಿ ನೆಲದ ಮೇಲೆ ಕುಳಿತು ಎಡಗಾಲಿನ ಸಾಕ್ಸ್ ಕಿತ್ತರು. “ಮಷೀನ್ ಸರಿ ಇದೆ ಮೇಡಂ. ಕೆಟ್ಟಿರೋದು ನಾನು.”

ಅಂಗಾಲಿನಲ್ಲಿ ಕಡಲೆಕಾಳಿನಷ್ಟು ಆಣಿ, ಸುತ್ತಲೂ ಬ್ಲೇಡಿನ ಗಾಯ. ಮೇಡಂ ಪಾದ ನೋಡಿದರು, ಡಬ್ಬ ನೋಡಿದರು. “ಇಷ್ಟು ಚೆನ್ನಾಗಿ ಕಳ್ಳನ್ನ ಹಿಡಿದಿರೋ ಮಷೀನನ್ನ ವಾಪಸ್ ಕಳಿಸ್ತಿದ್ವಲ್ರೀ!” ಎನ್ನುತ್ತ ತಾವೇ ಟೇಪು ಹರಿದರು.

“ಕುಣಿಯಲಾರದವಳು ನೆಲ ಡೊಂಕು ಅಂದ್ಲಂತೆ” ಎಂದಳು ಅಕ್ಕ. ಆಮೇಲೆ ಅವಳ ನಗು ನಿಂತಿತು. “ನಂಗೆ ನೋವೇ ಗೊತ್ತಾಗಲ್ಲ ಕಣ್ರೀ. ನಿಮಗೆ ಗೊತ್ತಾಗತ್ತಲ್ಲ, ಬಾಯಿಬಿಟ್ಟು ಹೇಳೋಕೇನು?”

ಭಾವ ತಲೆ ತಗ್ಗಿಸಿ ಇನ್ನೊಂದು ಸಾಕ್ಸನ್ನೂ ತೆಗೆದರು. ಅಲ್ಲೂ ಒಂದು ಮೊಳೆಯುತ್ತಿತ್ತು.