ಹೀಟರ್ ಹಾಕದ ವರ್ನನ್

ನೆಬ್ರಾಸ್ಕದ ವರ್ನನ್ ಹ್ರುಸ್ಕನಿಗೆ ತನ್ನ ಕರೆಂಟಿನ ಪಿಕಪ್ಪು ಹೆದ್ದಾರಿಯಲ್ಲಿ ನಿಜಕ್ಕೂ ಎಷ್ಟು ದೂರ ಓಡುತ್ತದೆಂಬ ಲೆಕ್ಕವೇ ಜೀವ. ಬೆನ್ನಗಾಳಿ, ಎದುರುಗಾಳಿಗಳ ಮೋಸ ಕಳೆಯಲೆಂದು ಹೋದ ದಾರಿಯಲ್ಲೇ ಅಷ್ಟೇ ವೇಗದಲ್ಲಿ ಮರಳುತ್ತಾನೆ; ಕಾಫಿ ಅಂಗಡಿಯಲ್ಲಿ ಎದುರು ಕೂತವರಿಗೆ, "ನಿನ್ನ ಗಾಡಿ ಯೂನಿಟ್ಟಿಗೆ ಒಂದೂಮುಕ್ಕಾಲು ಮೈಲಿ, ನಂದು ಎರಡು ಕಣಯ್ಯಾ!" ಎಂದು ಬೀಗುತ್ತಾನೆ. ಬ್ಯಾಟರಿ ತಿಂದು ಮೈಲಿ ಕಡಿಮೆ ಮಾಡೀತೆಂದು ಚಳಿಗಾಲದಲ್ಲೂ ಗಾಡಿಯ ಹೀಟರ್ ಮುಟ್ಟಗೊಡುತ್ತಿರಲಿಲ್ಲ. "ಹೆಂಡ್ತೀನ ಮಂಜುಗಡ್ಡೆ ಮಾಡ್ತೀಯೇನು ಮಾರಾಯಾ?" ಎಂದು ಬಸುರಿ ಮಾರ್ಲಿಸ್ ಕಂಬಳಿಯೊಳಗಿಂದ ಬೈದರೆ, "ಇನ್ನೊಂದು ಕಾಲುಚೀಲ ಹಾಕ್ಕೊಳ್ಳೇ" ಎನ್ನುತ್ತಿದ್ದ. ಮಗಳು ದಿನ ತುಂಬುವ ಮೊದಲೇ ಹುಟ್ಟಿದಳು; ಮೈ ತಣ್ಣಗಾದರೆ ಜೀವಕ್ಕೇ ಅಪಾಯ ಎಂದರು ವೈದ್ಯರು. ಮನೆಗೆ ಕರೆತರುವ ದಿನ ವರ್ನನ್ ತಾನಾಗಿಯೇ ಹೀಟರನ್ನು ಪೂರ್ತಿ ತಿರುವಿದ. ದಾರಿಯ ಚಾರ್ಜರ್ ಬಳಿ ಯಾರೋ, "ಎಷ್ಟು ಮೈಲಿ ಕೊಡುತ್ತೆ ಇದು?" ಎಂದರು. ಆತ ಹಿಂದಿನ ಸೀಟಿಗೆ ಬಾಗಿ ಮಗುವಿನ ಪಾದ ಬೆಚ್ಚಗಿದೆಯೇ ಎಂದು ಮುಟ್ಟುತ್ತಾ, "ನೋಡ್ಲಿಲ್ಲಪ್ಪ" ಎಂದ.